ಬೆನ್ನ ಮೇಲಿನ ಎರಡು ತಟ್ಟು

ದೆವ್ವದ ಮಾತು ಬಂದರೆ ಎದ್ದು ಹೋಗುವ ಮನುಷ್ಯ ನಾನು. ಸೋಲಾಪುರದ ಹತ್ತಿರ ಚಿಂಚೋಳಿ ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಹದಿನೆಂಟು ವರ್ಷ ಕಳೆದಿದ್ದೇನೆ. ಕ್ಯಾಂಟೀನಿನಲ್ಲಿ ಯಾರಾದರೂ ಹಳೆ ಬಾಯ್ಲರಿನ ಹತ್ತಿರ ಬಿಳಿ ಬಟ್ಟೆಯವರನ್ನು ಕಂಡೆ ಅಂತ ಶುರು ಮಾಡಿದರೆ ಚಹಾದ ಕಪ್ಪು ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದೆ. ಸುಮ್ಮನೆಯೂ ಹೋಗುತ್ತಿರಲಿಲ್ಲ, ನಾಲ್ಕು ಮಾತು ಅಂದೇ ಹೋಗುತ್ತಿದ್ದೆ. ನನ್ನ ಬಾಯಿ ಸ್ವಲ್ಪ ಜೋರು, ಸಿಟ್ಟು ಅದಕ್ಕಿಂತ ಜೋರು. ಓದುವವರು ಇದನ್ನು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳುವುದಕ್ಕೆಲ್ಲ ಈ ಸಿಟ್ಟೇ ಮೂಲ.

ನಂಬಬಾರದು ಎಂಬುದು ಅಪ್ಪ ಕಲಿಸಿದ ಪಾಠ. ನಮ್ಮದು ಬೌದ್ಧರ ಮನೆ. ಅಪ್ಪ ಕನ್ನಡ ಸಾಲಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವನು, ಸೋಲಾಪುರದ ಬಟ್ಟೆಯ ಗಿರಣಿಯಲ್ಲಿ ದುಡಿದವನು. "ಕಣ್ಣಿಗಿ ಕಂಡದ್ದು, ಕೈಗಿ ಸಿಕ್ಕದ್ದು, ಅಷ್ಟ ಖರೆ. ಉಳಿದದ್ದೆಲ್ಲಾ ನಮ್ಮನ್ನ ಅಂಜಿಸಿ ಇಡಾಕ ಮಾಡಿದ್ದು," ಅನ್ನುತ್ತಿದ್ದ. ನಮ್ಮ ಮನೆಯಲ್ಲಿ ಯಾರೂ ನಿಂಬೆಹಣ್ಣು ಮಂತ್ರಿಸಿ ಕಟ್ಟಲಿಲ್ಲ, ದೃಷ್ಟಿ ತೆಗೆಯಲಿಲ್ಲ, ಅಮಾವಾಸ್ಯೆ ನೋಡಿ ಪ್ರಯಾಣ ನಿಲ್ಲಿಸಲಿಲ್ಲ. ಅಪ್ಪ ಸಾಯುವ ಮುಂದೆಯೂ ಅದೇ ಮಾತು ಹೇಳಿ ಹೋದ. ಇಷ್ಟೆಲ್ಲ ಇದ್ದೂ ಈಗ ನಾನು ಇದನ್ನು ಬರೆಯಲು ಕೂತಿದ್ದೇನೆ. ಕೆಲವು ವರ್ಷಗಳಿಂದ ಒಂದು ಮಳೆಗಾಲದ ಮಧ್ಯಾಹ್ನ ನನ್ನ ಬೆನ್ನ ಮೇಲೆ ಕೂತಿದೆ, ಇಳಿಯುತ್ತಿಲ್ಲ.

ಮೊದಲು ನನ್ನ ಗಾಡಿಯ ಬಗ್ಗೆ ಹೇಳಬೇಕು. ಅಕ್ಕಲಕೋಟ ರಸ್ತೆಯ ಬದಿಗೆ ಒಬ್ಬರು ಹೊಲದಲ್ಲೇ ಪ್ರವಾಸಿಗಳ ಠಿಕಾಣಿ ಮಾಡಿದ್ದರು. ಸುಟ್ಟ ಎಳೆ ಜೋಳದ ಹುರಡೆ ತಿನ್ನುವುದು, ಎತ್ತಿನ ಗಾಡಿ ಹತ್ತುವುದು, ಜೊತೆಗೆ ನಾಲ್ಕು ದಪ್ಪ ಗಾಲಿಯ ಒಂದು ಎಟಿವಿ ಬೈಕಿನಲ್ಲಿ ಗುಡ್ಡದ ಮೇಲೆ ಎರಡು ಸುತ್ತು. ಲಾಕ್‌ಡೌನ್ ಬಂದು ಎಲ್ಲ ಮುಚ್ಚಿತು. ಗಾಡಿ ಎರಡು ಮಳೆಗಾಲ ಬಯಲಿನಲ್ಲಿ ನಿಂತು ತುಕ್ಕು ಹಿಡಿದಿತ್ತು. ನಾನು ಅದನ್ನು ಭಂಗಾರಿನ, ಅಂದರೆ ಗುಜರಿಯ ಭಾವಕ್ಕೆ ತಂದು, ಸೂಟಿಯ ದಿನಗಳಲ್ಲಿ ಕೂತು ಎಂಜಿನ್ ಬಿಚ್ಚಿ ಜೋಡಿಸಿದೆ. ಶುರುವಾಯಿತು, ಆದರೆ ಸೈಲೆನ್ಸರ್ ಮಾತ್ರ ಕೊನೆಯವರೆಗೂ ರಿಪೇರಿ ಆಗಲಿಲ್ಲ. ಅದರ ಸಪ್ಪಳಕ್ಕೆ ಊರ ನಾಯಿಗಳೆಲ್ಲ ಬೊಗಳುತ್ತಿದ್ದವು. ಅಡ್ಡಡ್ಡ ಅಗಲವಾಗಿ, ನೆಲಕ್ಕೆ ಹತ್ತಿ ಓಡುತ್ತಿದ್ದುದರಿಂದ ಊರವರು ಅದಕ್ಕೆ ಏಡಿ ಎಂದು ಹೆಸರಿಟ್ಟರು.

ಗಾಡಿಯ ಪೆಟ್ರೋಲ್ ಟಾಕಿಯ ಮೇಲೆ ಒಂದು ಚೀಟಿ ಅಂಟಿಸಿತ್ತು. ಅದರಲ್ಲಿ ಇಬ್ಬರು ಕೂತ ಚಿತ್ರ, ಮೇಲೆ ಕೆಂಪು ಗೆರೆ. ಹಿಂದೆ ಯಾರನ್ನೂ ಕೂರಿಸಬಾರದು ಎಂದು ಅರ್ಥ. ಕಂಪನಿಯವರು ಸುಮ್ಮನೆ ಅಂಟಿಸಿರಲಿಲ್ಲ. ಹಿಂದೆ ಭಾರ ಬಿದ್ದರೆ ಏರಿನಲ್ಲಿ ಮುಂದಿನ ಗಾಲಿ ಎದ್ದು ಬಿಡುತ್ತವೆ, ಇಳಿಜಾರಿನಲ್ಲಿ ಗಾಡಿ ಮಗುಚುತ್ತದೆ. ಆದರೆ ನಮ್ಮ ಕಡೆಯ ಕಪ್ಪು ಎರಿ ನೆಲ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಒಂದು ದೊಡ್ಡ ಮಳೆ ಆದರೆ ಸಾಕು, ಬೈಕಿನ ಮಡ್ಗಾರ್ಡಿನಲ್ಲಿ ಮಣ್ಣು ಕಚ್ಚಿ ಗಾಲಿ ತಿರುಗುವುದಿಲ್ಲ, ಟ್ರ್ಯಾಕ್ಟರ್ ಹೂತು ಕೂಡುತ್ತದೆ, ನಡೆಯುವವನ ಕಾಲಿಗೆ ಎರಡೆರಡು ಕಿಲೋ ಕೆಸರು. ಹೊಲದಲ್ಲೇ ಮನೆ ಮಾಡಿಕೊಂಡು ವಸ್ತಿಗಳಲ್ಲಿ ಇರುವವರು ಮೂರು ನಾಲ್ಕು ದಿನ ಡಾಂಬರು ರಸ್ತೆಯ ಮುಖ ನೋಡುವುದಿಲ್ಲ. ಆ ಕೆಸರಿನಲ್ಲಿ ಓಡುತ್ತಿದ್ದುದು ಏಡಿ ಒಂದೇ. ಹೀಗಾಗಿ ಹಿಂದಿನ ಕಬ್ಬಿಣದ ಕ್ಯಾರಿಯರಿಗೆ ಗೋಣಿಚೀಲ ಸುತ್ತಿ ಮೆತ್ತಗೆ ಮಾಡಿದೆ. ಬಸುರಿಯರನ್ನು ತಂದೆ, ಹಾವು ಕಚ್ಚಿದವನನ್ನು ತಂದೆ, ಒಮ್ಮೆ ಪರೀಕ್ಷೆಗೆ ಹೋಗುವ ಹುಡುಗಿಯನ್ನು ಅವಳ ಪುಸ್ತಕದ ಚೀಲ ಸಮೇತ ತಂದೆ. ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ಆದರೆ ನನ್ನದೊಂದು ನಿಯಮವಿತ್ತು, ಒಂದು ಸಲಕ್ಕೆ ಒಬ್ಬರೇ. ಗಂಡ ಬರುತ್ತೇನೆ ಅಂದರೂ ಇಲ್ಲ, ತಾಯಿ ಬರುತ್ತೇನೆ ಅಂದರೂ ಇಲ್ಲ.

ಇನ್ನೊಂದು ನಿಯಮವೂ ಇತ್ತು. ಆ ಸಪ್ಪಳದಲ್ಲಿ ಹಿಂದಿನವರು ಕೂಗಿದರೂ ಕೇಳುತ್ತಿರಲಿಲ್ಲ. ಅದಕ್ಕೆ ಹೊರಡುವ ಮೊದಲು ಎಲ್ಲರಿಗೂ ಹೇಳುತ್ತಿದ್ದೆ: "ಎಸ್ಟಿ ಬಸ್ಸಿನ ಗಂಟಿ ಗೊತ್ತದಲ್ಲ? ಬೆನ್ನಿಗಿ ಒಮ್ಮಿ ತಟ್ಟಿದ್ರ ನಿಂದ್ರಸ್ತೀನಿ. ಎರಡು ಸಲ ತಟ್ಟಿದ್ರ ಹೊಂಡ್ತೀನಿ." ಇದನ್ನು ಯಾರಿಗೂ ಎರಡನೆಯ ಸಲ ಹೇಳಬೇಕಾಗುತ್ತಿರಲಿಲ್ಲ. ಕಂಡಕ್ಟರನ ಡಬಲ್ ಬೆಲ್ ಕೇಳುತ್ತಲೇ ಬೆಳೆದವರು ನಾವೆಲ್ಲ.

ಈಗ ಆಯಿಯ ವಿಷಯ. ನಮ್ಮೂರ ಪಾಟೀಲರ ಹಿರಿಯ ಹೆಂಗಸು, ಹೆಸರು ಶಿವಲಿಂಗವ್ವ. ಊರೆಲ್ಲ ಆಯಿ ಅನ್ನುತ್ತಿತ್ತು. ನಮ್ಮಜ್ಜ ಧೂಳಪ್ಪ ಅವರ ಮನೆಯಲ್ಲಿ ವರ್ಷದ ಆಳಾಗಿದ್ದ. ನಾನು ಐದಾರು ವರ್ಷದವನಿದ್ದಾಗ ಒಮ್ಮೆ ಅಜ್ಜನ ಜೊತೆ ಅವರ ಹೊಲದ ವಸ್ತಿಗೆ ಹೋಗಿದ್ದೆ. ಆಯಿ ಒಳಗಿನಿಂದ ಶೇಂಗಾದ ಹೋಳಿಗೆ ತಂದು, ನಾನು ಚಾಚಿದ ಕೈಯ ಮೇಲೆ ಗೇಣುದ್ದ ಎತ್ತರದಿಂದ ಬಿಟ್ಟಳು. ನಾನು ಹಿಡಿಯುವಷ್ಟರಲ್ಲಿ ಅದು ನೆಲಕ್ಕೆ ಬಿತ್ತು. "ಅಯ್ಯ, ಕೂಸಿಂದು ಮಣ್ಣಾತಲ್ಲ," ಅಂದು ಮರುಗಿ ಇನ್ನೆರಡು ತಂದಳು. ಅವನ್ನೂ ಮೇಲಿನಿಂದಲೇ ಬಿಟ್ಟಳು. ಕೆಟ್ಟ ಹೆಂಗಸಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಕೊಡುವ ಕೈ ದೊಡ್ಡದಿತ್ತು. ಆದರೆ ಆ ಕೈ ನಮ್ಮ ಮನೆಯ ಒಂದು ಕೈಯನ್ನೂ ಎಂದೂ ಮುಟ್ಟಲಿಲ್ಲ. ಮನೆಗೆ ಬಂದು ಹೇಳಿದಾಗ ಅಪ್ಪ ಹೋಳಿಗೆಗಳನ್ನು ದನಕ್ಕೆ ಹಾಕಿ, ಇನ್ನು ಮುಂದೆ ಯಾರ ಎದುರೂ ಕೈ ಚಾಚಬೇಡ ಎಂದ. ಹೋಳಿಗೆ ಹೋಯಿತಲ್ಲ ಎಂದು ನಾನು ರಾತ್ರಿಯೆಲ್ಲ ಅತ್ತೆ. ದೊಡ್ಡವನಾದ ಮೇಲೆ ಬೇರೆ ಕಾರಣಕ್ಕೆ ಸಿಟ್ಟು ಬಂತು.

ಆ ವರ್ಷ ದಸರೆ ಕಳೆದು ಹಿಂಗಾರು ಮಳೆ ಹಗಲು ರಾತ್ರಿ ಹಿಡಿದಿತ್ತು. ನನ್ನ ಸೂಟಿಯ ದಿನ. ಮಧ್ಯಾಹ್ನ ಊಟ ಮಾಡಿ ಕೂತಿದ್ದೆ, ಆಯಿಯ ಮಗ ಮಲ್ಲಿನಾಥರ ಫೋನ್ ಬಂತು. ನನಗಿಂತ ಹದಿನೈದು ವರ್ಷ ಹಿರಿಯರು, ಸಂಭಾವಿತ ಮನುಷ್ಯ. "ತಮ್ಮಾ, ಅವ್ವಗ ಮುಂಜಾನಿಂದ ಎದಿ ಹಿಡದದ. ಉಸರು ಸಿಗವಲ್ದು. ಟ್ರ್ಯಾಕ್ಟರ್ ಹುಗದು ಕುಂತದ. ಅಂಬ್ಯುಲನ್ಸ್ ವಳಸಂಗದ ರಸ್ತಾಕ್ಕ ಬರ್ತದಂತ, ಒಳಗ ಬರಂಗಿಲ್ಲಂತ. ನೀ ಒಬ್ಬ ಬಂದ್ರ..." ಅವರ ಮಾತು ಮುಗಿಯುವ ಮೊದಲೇ "ಇಗಾ ಬಂದ್ನಿರಿ," ಅಂದು ರೇನ್‌ಕೋಟ್ ಹಾಕಿಕೊಂಡು ಹೊರಟೆ.

ಪಾಟೀಲರ ವಸ್ತಿ ಊರಿಂದ ಮೂರು ಕಿಲೋಮೀಟರ್ ಒಳಗೆ. ವಸ್ತಿಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳ. ನಾನು ಹೋಗುವಾಗ ನೀರು ಮೊಣಕಾಲಿಗಿಂತ ಕೆಳಗಿತ್ತು, ಆರಾಮ ದಾಟಿದೆ. ಹಳ್ಳದ ನಡುವೆ ಒಂದು ಬಿಳಿ ಕಲ್ಲಿದೆ. ಅದರ ನೆತ್ತಿ ಕಂಡರೆ ದಾಟಬಹುದು, ಮುಳುಗಿದರೆ ದಾಟಬಾರದು. ಅಷ್ಟೇ ನಮ್ಮ ಲೆಕ್ಕ.

ಆಯಿ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಎಷ್ಟು ಸಣ್ಣಗಾಗಿದ್ದಳೆಂದರೆ ಗುರುತು ಹತ್ತಲಿಲ್ಲ. ಮುಖ ಬೂದಿ ಬಣ್ಣ. ನನ್ನನ್ನು ಕಂಡು, "ನೀ ಧೂಳಪ್ಪನ ಮೊಮ್ಮಗ ಅಲ್ಲೇನು?" ಎಂದಳು. "ಹೌದ್ರಿ ಆಯಿ," ಎಂದೆ. ಮಗ ಸೊಸೆ ಇಬ್ಬರೂ ಎತ್ತಿ ತಂದು ಕ್ಯಾರಿಯರಿನ ಮೇಲೆ ಕೂರಿಸಿದರು. ಸೊಸೆ ತಾನೂ ಹಿಂದೆ ಕೂತು ಹಿಡಿದುಕೊಳ್ಳುತ್ತೇನೆ ಅಂದಳು. ಆಗುವುದಿಲ್ಲ ಎಂದೆ. ಮಲ್ಲಿನಾಥರು ಒಂದು ಧೋತರ ತಂದು ಆಯಿಯ ಬೆನ್ನ ಹಿಂದಿನಿಂದ ಸುತ್ತಿ ನನ್ನ ಎದೆಯ ಮುಂದೆ ಗಂಟು ಹಾಕಿದರು. ಮೇಲೆ ಪ್ಲಾಸ್ಟಿಕ್ ಹೊದಿಸಿದರು.

"ಅವ್ವಾ, ಅವನ ನಡಾ ಗಟ್ಟಿ ಹಿಡಿ," ಎಂದರು.

"ನಾ ಹಿಂದಿನ ಸಳಿ ಹಿಡೀತೀನಿ," ಎಂದಳು ಆಯಿ, ಕ್ಯಾರಿಯರಿನ ಹಿಂದಿನ ಕಬ್ಬಿಣದ ಸರಳಿಗೆ ಕೈ ಹಾಕಿ. ಉಸಿರಿಲ್ಲದ ದನಿ, ಆದರೆ ಮಾತು ಸ್ಪಷ್ಟವಿತ್ತು.

"ಅವ್ವಾ!"

"ಸಳಿ ಹಿಡೀತೀನಿ ಅಂದ್ನೆಲ್ಲೋ."

ಮಲ್ಲಿನಾಥರು ನನ್ನ ಮುಖ ನೋಡಲಾರದೆ ತಲೆ ತಗ್ಗಿಸಿದರು. ನನಗೆ ಮೈಯೆಲ್ಲ ಉರಿಯಿತು. ಸಾಯುವ ಹೊತ್ತಿನಲ್ಲೂ ಇದೇನಾ ಅನ್ನಿಸಿತು. ತಿರುಗಿ ನೋಡದೆಯೇ ಹೇಳಿದೆ: "ಸಳಿ ಬೇಕಾದ್ರ ಹಿಡೀರಿ ಆಯಿ. ಆದ್ರ ನಿಂದ್ರಸಬೇಕಂದ್ರ ನನ್ನ ಬೆನ್ನಿಗಿ ಒಮ್ಮಿ ತಟ್ಟಬೇಕು. ಹೊಂಡಬೇಕಂದ್ರ ಎರಡು ಸಲ. ಒಮ್ಮಿ ನಿಂತ ಮ್ಯಾಲ ನೀವು ತಟ್ಟಲಾರದ ಗಾಡಿ ಹೊಂಡಂಗಿಲ್ಲ. ತಿಳೀತೇನ್ರಿ?" ಬೇರೆಯವರಿಗೆ ಇಷ್ಟು ಕಟ್ಟುನಿಟ್ಟಾಗಿ ಹೇಳುತ್ತಿರಲಿಲ್ಲ. ಅದೂ ನನಗೆ ಗೊತ್ತಿತ್ತು. ಆಯಿ "ಹೂಂ" ಎಂದಳು. ಆಮೇಲೆ ಅವಳ ಬಾಯಿಂದ ಬಂದ ಮಾತು ಒಂದನ್ನೂ ನಾನು ಕೇಳಲಿಲ್ಲ.

ಹೊರಟಾಗ ಮೂರೂವರೆ ದಾಟಿತ್ತು, ಆದರೆ ಮೋಡ ಕವಿದು ದೀಪ ಹಚ್ಚುವ ಹೊತ್ತಿನಂತೆ ಕತ್ತಲು. ತೊಗರಿ ಹೊಲಗಳ ನಡುವಿನ ಹಾದಿಯಲ್ಲಿ ನಿಧಾನವಾಗಿ ಬಂದೆ. ಹಿಂದಿನ ಭಾರ ಅರ್ಧ ಚೀಲ ಜೋಳದಷ್ಟೂ ಇರಲಿಲ್ಲ. ಹಿಂದೆ ಕೂತವರು ಹೇಗಿದ್ದಾರೆ ಎಂದು ಭಾರದಿಂದಲೇ ನನಗೆ ತಿಳಿಯುತ್ತದೆ. ಹೆದರಿದವರು ಗಟ್ಟಿಯಾಗಿ ಅಂಟುತ್ತಾರೆ, ರೂಢಿ ಇದ್ದವರು ತಿರುವಿನಲ್ಲಿ ನನ್ನ ಜೊತೆ ವಾಲುತ್ತಾರೆ. ಆಯಿ ಮೊದಲು ನನ್ನಿಂದ ದೂರ ಸರಿದು ಬಿಗಿಯಾಗಿ ಕೂತಿದ್ದಳು. ಧೋತರ ನನ್ನ ಎದೆಯನ್ನು ಹಿಂದಕ್ಕೆ ಎಳೆಯುತ್ತಿತ್ತು. ಹಳ್ಳ ಹತ್ತಿರವಾಗುವಷ್ಟರಲ್ಲಿ ಆ ಎಳೆತ ಸಡಿಲಾಯಿತು, ಅವಳ ಹಣೆ ಬಂದು ನನ್ನ ಬೆನ್ನಿಗೆ ತಾಗಿತು. ಸುಸ್ತಾಗಿರಬೇಕು ಅಂದುಕೊಂಡೆ.

ಹಳ್ಳದಲ್ಲಿ ಬಿಳಿ ಕಲ್ಲಿನ ನೆತ್ತಿ ಕಾಣುತ್ತಿತ್ತು. ಗೇರ್ ಬದಲಿಸಿ ಇಳಿಯಬೇಕು ಅನ್ನುವಾಗ ಬಲಗಡೆಯ ಭುಜದ ಕೆಳಗೆ ಒಂದು ತಟ್ಟು ಬಿತ್ತು. ಒಂದೇ. ಗಾಡಿ ನಿಲ್ಲಿಸಿದೆ.

"ಏನ್ರಿ ಆಯಿ?" ಎಂದೆ. ಉತ್ತರವಿಲ್ಲ. ಎಂಜಿನ್ ಆರಿಸಿ ಮತ್ತೆ ಕೇಳಿದೆ. ಆಗ ಮೇಲಿನಿಂದ ಗುಡುಗಿನಂಥ ಸಪ್ಪಳ ಕೇಳಿಸಿತು, ಆದರೆ ಗುಡುಗಲ್ಲ, ಅದು ನಿಲ್ಲಲೇ ಇಲ್ಲ. ನೋಡನೋಡುತ್ತಿದ್ದಂತೆ ಕೆಂಪು ನೀರು ಗೋಡೆಯ ಹಾಗೆ ತಿರುವಿನಿಂದ ಬಂತು. ಮೇಲೆ ಎಲ್ಲೋ ಯಾವುದೋ ಒಡ್ಡು ಒಡೆದಿರಬೇಕು. ಒಂದು ಇಡೀ ಜಾಲಿ ಗಿಡ ಬೇರು ಮೇಲಾಗಿ ನಮ್ಮೆದುರಿಗೆ ಉರುಳಿ ಹೋಯಿತು. ಗಾಡಿಯನ್ನು ಕಾಲಿಂದ ಒದ್ದು ಹಿಂದಕ್ಕೆ ತಳ್ಳಿಕೊಂಡೆ. ನಿಲ್ಲಿಸದೇ ಇಳಿದಿದ್ದರೆ ನಾವಿಬ್ಬರೂ ಆ ಗಿಡದ ಜೊತೆ ಹೋಗುತ್ತಿದ್ದೆವು. ಅರವತ್ತು ವರ್ಷ ಆ ಹಳ್ಳದ ದಂಡೆಯಲ್ಲಿ ಬದುಕಿದವಳು, ನೀರು ಬರುವುದನ್ನು ನನಗಿಂತ ಮೊದಲೇ ತಿಳಿದಿರಬೇಕು. "ಆಯಿ, ನಿಮ್ಮಿಂದ ಉಳಿದ್ವಿ ನೋಡ್ರಿ," ಎಂದೆ. ನಿಜವಾಗಿ ಕಣ್ಣಲ್ಲಿ ನೀರು ಬಂದಿತ್ತು.

ಅಷ್ಟರಲ್ಲಿ ಮಲ್ಲಿನಾಥರ ಫೋನ್. ನೀರು ಬಂದಿದೆ, ದಂಡೆಯಲ್ಲಿ ನಿಂತಿದ್ದೇನೆ ಎಂದೆ. ಆಗ ನಾಲ್ಕು ಗಂಟೆ ಎಂಟು ನಿಮಿಷ. ಇದನ್ನು ಅಂದಾಜಿನಿಂದ ಹೇಳುತ್ತಿಲ್ಲ, ಆಮೇಲೆ ನೂರು ಸಲ ಫೋನ್ ತೆಗೆದು ನೋಡಿದ್ದೇನೆ.

ನಮ್ಮ ಹಳ್ಳಗಳು ಎಷ್ಟು ಬೇಗ ಏರುತ್ತವೋ ಅಷ್ಟೇ ಬೇಗ ಇಳಿಯುತ್ತವೆ. ಇಪ್ಪತ್ತು ನಿಮಿಷದಲ್ಲಿ ಬಿಳಿ ಕಲ್ಲು ಮತ್ತೆ ಕಂಡಿತು. ಮಲ್ಲಿನಾಥರು ಇನ್ನೊಮ್ಮೆ ಫೋನ್ ಮಾಡಿದರು. "ಕಲ್ಲು ಕಾಣ್ತದ್ರಿ, ಇಗಾ ಹೊಂಡ್ತೀನಿ," ಎಂದೆ. ಆಗ ನಾಲ್ಕೂ ಮೂವತ್ತೊಂದು.

ಆದರೆ ನಾನು ಹೊರಡಲಿಲ್ಲ.

ಇಲ್ಲಿಯವರೆಗೆ ಬರೆಯುವುದು ಸುಲಭವಿತ್ತು. ಎಂಜಿನ್ ಆರಿತ್ತು, ಮಳೆ ತೆಳುವಾಗಿತ್ತು, ಪಿಸುಗುಟ್ಟಿದರೂ ಕೇಳುವಷ್ಟು ಶಾಂತವಿತ್ತು. "ಆಯಿ, ಹೊಂಡೂಣೇನ?" ಎಂದು ಕೇಳಿದೆ. ಮಾತಿಲ್ಲ. ಅವಳು ನನ್ನ ಬೆನ್ನಿಗೆ ಕಟ್ಟಿದ್ದಳು, ಪೂರ್ತಿ ತಿರುಗಿ ನೋಡಲು ಆಗುತ್ತಿರಲಿಲ್ಲ. ಗಂಟು ಬಿಚ್ಚಿ ಇಳಿದು ನೋಡಬಹುದಿತ್ತು. ಬಿಚ್ಚಲಿಲ್ಲ. ನಿಲ್ಲಿಸು ಎನ್ನಲು ತಟ್ಟಿದವಳು ಹೊರಡು ಎನ್ನಲೂ ತಟ್ಟಲಿ ಎಂಬ ಒಂದು ಹಟ ನನ್ನೊಳಗೆ ಎದ್ದಿತು. ಜೀವದ ಹೆದರಿಕೆಗೆ ಒಮ್ಮೆ ಮುಟ್ಟಿದಳು, ಈಗ ಹೆದರಿಕೆ ಹೋಯಿತು, ಮತ್ತೆ ಸಳಿ ಹಿಡಿದು ಕೂತಿದ್ದಾಳೆ ಅನ್ನಿಸಿತು. ನನ್ನ ಅಜ್ಜ ಇವರ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿರಬಹುದು, ಯಾರಾದರೂ ಹೊರಗೆ ಬಂದು ನೀರು ಸುರಿಯಲಿ ಎಂದು? ಒಂದಿಷ್ಟು ಹೊತ್ತು ಇವರೂ ಕಾಯಲಿ. "ತಟ್ಟರಿ ಆಯಿ. ತಟ್ಟಿದ್ರನ ಹೊಂಡ್ತೀನಿ," ಎಂದೆ. ಆ ದನಿ ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಕಾದೆ. ಎಷ್ಟು ಹೊತ್ತು ಎಂಬುದು ಆಗ ಗೊತ್ತಾಗಲಿಲ್ಲ. ನೀರಿನಲ್ಲಿ ಕಡ್ಡಿಕಸ ಹೋಗುವುದನ್ನು ನೋಡುತ್ತ ಕೂತೆ. ಒಂದು ಟಿಟ್ಟಿಭ ಕೂಗುತ್ತ ಆಚೆ ದಂಡೆಗೆ ಹಾರಿತು. ಬೆನ್ನಿಗೆ ಹತ್ತಿದ ಹಣೆ ಹಾಗೇ ಇತ್ತು.

ಆಮೇಲೆ ತಟ್ಟಿತು. ಎರಡು ಸಲ, ಅದೇ ಬಲಗಡೆ, ಮೆತ್ತಗೆ, ಅಂಗೈ ಅಗಲ ಮಾಡಿ ಕೂಸಿನ ಬೆನ್ನು ತಟ್ಟಿ ಮಲಗಿಸುವ ಹಾಗೆ. ಒಂದು ಮಾತು ಇಲ್ಲಿ ಹೇಳಲೇಬೇಕು. ನನ್ನ ಮೈಮೇಲೆ ದಪ್ಪ ರೇನ್‌ಕೋಟ್ ಇತ್ತು, ಒಳಗೆ ಸ್ವೆಟರ್ ಇತ್ತು. ಆ ಕೈ ಅವುಗಳ ಮೇಲೆ ಬಿದ್ದ ಹಾಗೆ ಅನ್ನಿಸಲಿಲ್ಲ. ಬರಿ ಮೈಗೆ ಬಿದ್ದ ಹಾಗಿತ್ತು. ಐದು ಬೆರಳೂ ತಿಳಿದವು, ಬಳೆಯ ತಣ್ಣನೆಯ ಅಂಚೂ ತಿಳಿಯಿತು. ನನ್ನ ಹಟ ಒಮ್ಮೆಲೇ ಕರಗಿಹೋಯಿತು. "ಆತ್ರಿ ಆಯಿ, ಹೊಂಟೆ," ಅಂದು ಗಾಡಿ ಚಾಲೂ ಮಾಡಿ ಹಳ್ಳ ದಾಟಿದೆ. ಏರಿನಲ್ಲಿ ಅವಳು ಜಾರಬಾರದೆಂದು ನಾನೇ ಮುಂದಕ್ಕೆ ಬಾಗಿ, ಮಗುವನ್ನು ಹೊತ್ತವನ ಹಾಗೆ ಹತ್ತಿದೆ.

ಹತ್ತು ನಿಮಿಷಕ್ಕೆ ರಸ್ತೆ. ಅಂಬ್ಯುಲನ್ಸ್ ನಿಂತಿತ್ತು. ಒಬ್ಬ ಕಿರಿಯ ಡಾಕ್ಟರು ಓಡಿ ಬಂದು ಪ್ಲಾಸ್ಟಿಕ್ ಸರಿಸಿ, ಕುತ್ತಿಗೆಗೆ ಬೆರಳಿಟ್ಟು, ಕಣ್ಣಿಗೆ ಬ್ಯಾಟರಿ ಹಿಡಿದು ನೋಡಿದರು. ಮುಖ ಬದಲಾಯಿತು. "ಆಜೀ ಗೇಲ್ಯಾ," ಎಂದರು ಮರಾಠಿಯಲ್ಲಿ. ಆಜಿ ಹೋಗಿಬಿಟ್ಟಿದ್ದಾರೆ, ಹತ್ತಿರ ಒಂದು ತಾಸೇ ಆಗಿದೆ ಎಂದರು.

"ಇಲ್ರಿ ಸಾಹೇಬ, ಇಗಾ ಹತ್ತು ಮಿನಿಟಿನ ಹಿಂದ..." ಎಂದು ಶುರು ಮಾಡಿ ನಿಲ್ಲಿಸಿದೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಬಂದಿದ್ದರೂ ನಾನು ಮುಂದೆ ಏನು ಹೇಳುತ್ತಿದ್ದೆನೋ.

ಗಂಟು ಬಿಚ್ಚಿದರು. ಆದರೆ ಆಯಿಯನ್ನು ಇಳಿಸಲು ಆಗಲಿಲ್ಲ. ಎರಡೂ ಕೈ ಹಿಂದಿನ ಕ್ಯಾರಿಯರಿನ ಸಳಿ ಹಿಡಿದಿದ್ದವು. ಡಾಕ್ಟರು ಮತ್ತು ಡ್ರೈವರ್ ಒಂದೊಂದೇ ಬೆರಳು ಬಿಡಿಸಬೇಕಾಯಿತು. ಬೆರಳು ಸೆಟೆದಿದ್ದವು. ಬಲಗೈಯ ಬೆರಳು ಬಿಡಿಸಿದಾಗ ಅಂಗೈಯಲ್ಲಿ ಕಬ್ಬಿಣದ ತುಕ್ಕಿನ ಗೆರೆ ಉದ್ದಕ್ಕೆ ಮೂಡಿತ್ತು. ನಾನು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ಮಲ್ಲಿನಾಥರಿಗೆ ಫೋನ್ ಮಾಡಿದಾಗ ಐದು ಗಂಟೆ ಹತ್ತು ನಿಮಿಷ.

ಅವರು ಕೆಸರಿನಲ್ಲಿ ಬರಿಗಾಲಲ್ಲಿ ಓಡಿ ಬಂದರು. ತಾಯಿಯ ಮುಖ ನೋಡಿ ಸಣ್ಣ ಹುಡುಗರ ಹಾಗೆ ಅತ್ತರು. ಆಮೇಲೆ ನನ್ನ ಹತ್ತಿರ ಬಂದು, "ಹಾದ್ಯಾಗ ಅವ್ವ ಏನರೆ ಅಂದ್ಳೇನು ತಮ್ಮಾ?" ಎಂದು ಕೇಳಿದರು. "ಇಲ್ರಿ," ಎಂದೆ. ಅದು ಸುಳ್ಳಲ್ಲ. ಅವಳು ಏನೂ ಅನ್ನಲಿಲ್ಲ.

ಅವರಲ್ಲಿ ಮಣ್ಣು ಮಾಡುವುದು ಸ್ವಂತ ಹೊಲದಲ್ಲಿ. ಆಯಿಯನ್ನು ವಸ್ತಿಗೆ ಒಯ್ಯಬೇಕಿತ್ತು, ಬೇರೆ ಯಾವ ವಾಹನವೂ ಒಳಗೆ ಹೋಗುವಂತಿರಲಿಲ್ಲ. ಒಂದು ಸಲಕ್ಕೆ ಒಬ್ಬರೇ ಎಂಬ ನನ್ನ ನಿಯಮವನ್ನು ಅಂದು ನಾನೇ ಮುರಿದೆ. ಕ್ಯಾರಿಯರಿನ ತುದಿಯಲ್ಲಿ ಮಲ್ಲಿನಾಥರು, ನಡುವೆ ಅವರ ತಾಯಿ, ಮುಂದೆ ನಾನು. ನಡೆಯುವ ವೇಗದಲ್ಲಿ ಬಂದೆವು. ಹಳ್ಳದ ದಂಡೆಯಲ್ಲಿ ನಾನು ತಿಳಿಯದೆಯೇ ಗಾಡಿ ನಿಲ್ಲಿಸಿದೆ. ಕಲ್ಲು ಚೆನ್ನಾಗಿ ಕಾಣುತ್ತಿತ್ತು, ಆದರೂ ಕೈ ಮುಂದೆ ಹೋಗಲಿಲ್ಲ. ಸ್ವಲ್ಪ ಹೊತ್ತು ನೋಡಿ ಮಲ್ಲಿನಾಥರು ತಾಯಿಯ ಪಕ್ಕದಿಂದ ಕೈ ಚಾಚಿ ನನ್ನ ಬೆನ್ನಿಗೆ ಎರಡು ಸಲ ತಟ್ಟಿದರು. ರೇನ್‌ಕೋಟ್ ಪಟಪಟ ಎಂದಿತು. ಬದುಕಿದ ಮನುಷ್ಯನ ಕೈ ಹೇಗೆ ತಟ್ಟುತ್ತದೆ ಎಂದು ಆಗ ತಿಳಿಯಿತು. ಮೈಗೆ ಅದು ಮುಟ್ಟಲೇ ಇಲ್ಲ, ಬಟ್ಟೆಗೆ ಮಾತ್ರ ಬಿತ್ತು.

ನಾನು ಮಶೀನಿನ ಮನುಷ್ಯ. ಕೆಟ್ಟದ್ದನ್ನು ಬಿಚ್ಚಿ ನೋಡಿ ಕಾರಣ ಹುಡುಕುವುದೇ ನನ್ನ ಹೊಟ್ಟೆಪಾಡು. ಇದನ್ನೂ ಬಿಚ್ಚಿ ನೋಡಿದೆ. ಮಳೆಯಲ್ಲಿ ನೆನೆದ ಮೈ ಬೇಗ ತಣ್ಣಗಾಗುತ್ತದೆ, ಡಾಕ್ಟರರ ಅಂದಾಜು ತಪ್ಪಿರಬಹುದು. ಆಯಿ ಕೈ ಬಿಟ್ಟು ತಟ್ಟಿ ಮತ್ತೆ ಸಳಿ ಹಿಡಿದಿರಬಹುದು. ಇಲ್ಲವೇ ಸತ್ತವಳ ತಲೆಯೇ ಎರಡು ಸಲ ಅಲುಗಿ ನನ್ನ ಬೆನ್ನಿಗೆ ಬಡಿದಿರಬಹುದು. ನನ್ನ ಹೆಂಡತಿಗೆ ಮಾತ್ರ ಎಲ್ಲ ಹೇಳಿದ್ದೇನೆ. "ನಿಮಗ ಥಂಡಿ ಹತ್ತಿ ಮೈ ನಡುಗೇದ. ಅದನ್ನ ತಟ್ಟಿದಂಗ ಅಂತ ತಿಳಕೊಂಡೀರಿ. ಸುಮ್ಮ ತಲಿ ಕೆಡಿಸ್ಕೋಬ್ಯಾಡ್ರಿ," ಎಂದಳು. ಅವಳ ಮಾತು ನಂಬಬಹುದಿತ್ತು. ಆದರೆ ನಡುಕಕ್ಕೆ ಐದು ಬೆರಳಿರುವುದಿಲ್ಲ, ಬಳೆ ಇರುವುದಿಲ್ಲ.

ನನ್ನನ್ನು ತಿನ್ನುತ್ತಿರುವುದು ಹೆದರಿಕೆಯಲ್ಲ, ಈ ಕೆಳಗಿನ ಮಾತು. ಕಲ್ಲು ಕಂಡದ್ದು ನಾಲ್ಕೂ ಮೂವತ್ತೊಂದಕ್ಕೆ. ರಸ್ತೆ ಮುಟ್ಟಿದ್ದು ಐದಕ್ಕೆ, ಅಂಬ್ಯುಲನ್ಸಿನವರ ಕಾಗದದಲ್ಲೂ ಹಾಗೇ ಬರೆದಿದೆ. ದಾರಿ ಹತ್ತು ನಿಮಿಷದ್ದು. ಉಳಿದ ಇಪ್ಪತ್ತು ನಿಮಿಷ ನಾನು ಆ ಕೈಗಾಗಿ ಕೂತಿದ್ದೆ. ಅಪ್ಪ ಹೇಳಿದ್ದು ನಿಜವಾದರೆ, ಸತ್ತವರು ಯಾರನ್ನೂ ತಟ್ಟುವುದಿಲ್ಲ. ಹಾಗಾದರೆ ಎರಡು ಸಲ ತಟ್ಟುವಾಗ ಆಯಿ ಬದುಕಿದ್ದಳು, ನನ್ನ ಹಟ ಗೆಲ್ಲಲಿ ಎಂದು ಕೊನೆಯ ಶಕ್ತಿ ಹಾಕಿ ಕೈ ಎತ್ತಿದ್ದಳು, ಆ ಇಪ್ಪತ್ತು ನಿಮಿಷ ನಾನು ಅವಳಿಂದ ಕಸಿದುಕೊಂಡಿದ್ದೆ. ಡಾಕ್ಟರರು ಹೇಳಿದ್ದು ನಿಜವಾದರೆ ನನ್ನ ತಪ್ಪೇನೂ ಇಲ್ಲ, ಮೊದಲ ಸಲ ತಟ್ಟಿದ ಕೂಡಲೇ ಅವಳು ಹೋಗಿದ್ದಳು. ಆದರೆ ಆಗ ಉಳಿದ ಎರಡು ತಟ್ಟು ಯಾರವು? ಅಪ್ಪನನ್ನು ನಂಬಿದರೆ ನಾನು ಒಬ್ಬ ಮುದುಕಿಯ ಜೀವಕ್ಕೆ ಎರವಾದವನು. ಅಪ್ಪನನ್ನು ಬಿಟ್ಟರೆ ಮಾತ್ರ ನಿರಪರಾಧಿ. ಯಾವ ಮಗನಿಗೂ ಇಂಥ ಲೆಕ್ಕ ಬರಬಾರದು.

ದಿವಸದ ಊಟಕ್ಕೆ ಮಲ್ಲಿನಾಥರು ತಾವೇ ಮನೆಗೆ ಬಂದು ಕರೆದರು. ಪಂಕ್ತಿಯಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು, ತಮ್ಮ ಕೈಯಾರೆ ನನ್ನ ಎಲೆಗೆ ಶೇಂಗಾದ ಹೋಳಿಗೆ ಇಟ್ಟರು. ಇಟ್ಟರು, ಬಿಡಲಿಲ್ಲ. ಬಂದವರಿಗೆಲ್ಲ, "ಇವಾ ನಮ್ಮ ಅವ್ವನ್ನ ತನ್ನ ಹಡದವ್ವನ್ಹಂಗ ಬೆನ್ನಿಗಿ ಕಟಗೊಂಡು ತಂದಾನ," ಎಂದು ಹೇಳುತ್ತಿದ್ದರು. ಇಂದಿಗೂ ಹೇಳುತ್ತಾರೆ. ಆ ಹೋಳಿಗೆಯ ಒಂದು ತುಂಡು ಮುರಿದು ಕೈಯಲ್ಲೇ ಹಿಡಿದು ಕೂತೆ. ಅಲ್ಲೇ ಎಲ್ಲವನ್ನೂ ಹೇಳಿಬಿಡಬೇಕು ಅಂದುಕೊಂಡೆ, ಹೇಳಲಿಲ್ಲ. ಅವರ ಫೋನಿನಲ್ಲೂ ನಾಲ್ಕೂ ಮೂವತ್ತೊಂದು ಎಂದೇ ಇರಬೇಕಲ್ಲ, ಅವರು ಎಂದಾದರೂ ನೋಡಿದ್ದಾರೋ ಇಲ್ಲವೋ ಗೊತ್ತಿಲ್ಲ.

ಏಡಿ ಇನ್ನೂ ಓಡುತ್ತದೆ. ಮಳೆಗಾಲದಲ್ಲಿ ಜನ ಈಗಲೂ ಕರೆಯುತ್ತಾರೆ, ಹೋಗುತ್ತೇನೆ. ಆದರೆ ಯಾರಿಗೂ ತಟ್ಟಿ ಎಂದು ಹೇಳುವುದಿಲ್ಲ, ಹಿಂದೆ ಕೂತವರ ಕೊರಳಿಗೆ ಒಂದು ಸಣ್ಣ ಸೀಟಿ ಕಟ್ಟಿಕೊಡುತ್ತೇನೆ, ಅದನ್ನು ಊದುತ್ತಾರೆ. ಕಾಯಿಲೆಯವರನ್ನು ಇಳಿಸಿ ಒಬ್ಬನೇ ಮರಳುವಾಗ ಆ ಹಳ್ಳದ ದಂಡೆಗೆ ಬಂದು ಎಂಜಿನ್ ಆರಿಸುತ್ತೇನೆ. ಹಿಂದೆ ಖಾಲಿ ಕ್ಯಾರಿಯರ್. "ಆಯಿ, ಹೊಂಡೂಣೇನ?" ಎಂದು ಕೇಳುತ್ತೇನೆ. ಬೆನ್ನು ಬಿಗಿ ಹಿಡಿದು ಕೂರುತ್ತೇನೆ. ಒಮ್ಮೆ ತಟ್ಟಿದರೆ ಸಾಕು, ಅಂದು ತಟ್ಟಿದ್ದು ಸತ್ತವಳೇ ಎಂದು ತಿಳಿದು ನನ್ನ ಎದೆಯ ಭಾರ ಇಳಿಯುತ್ತದೆ. ಇಂದಿನವರೆಗೂ ಯಾರೂ ತಟ್ಟಿಲ್ಲ.